ಉಳುಕು ತೆಗೆಯುವ ಅಜ್ಜ ಮತ್ತು ಮಿಸ್ಸೌರಿಯ ಡಾಕ್ಟರಮ್ಮ

ನಮ್ಮ ಕಡೆ ಸೊಂಟ ಹಿಡಿದರೆ ಮೊದಲು ಡಾಕ್ಟರ್ ನೆನಪಾಗುವುದಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಯಾರಿದ್ದಾರೆ ಅಂತ ಹುಡುಕುತ್ತಾರೆ. ಅಂಥವರು ಬೆನ್ನಿಗೆ ಮೆಲ್ಲಗೆ ಒದ್ದರೆ ಉಳುಕು ಹೋಗುತ್ತದಂತೆ. ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಕೆಳಗಿನ ಮನೆ ಅಜ್ಜನಿಗೆ ಈ ಕೆಲಸ. ಕೊನೆಕೊಯ್ಲು ಶುರುವಾಗಿ, ಮೆಟ್ಟುಗತ್ತಿ ಮುಂದೆ ರಾತ್ರಿ ತನಕ ಕೂತು ಅಡಿಕೆ ಸುಲಿದವರ ಸೊಂಟಗಳೆಲ್ಲ ಹಿಡಿದುಕೊಂಡಾಗ ಅಜ್ಜನಿಗೆ ಪುರುಸೊತ್ತೇ ಇರುವುದಿಲ್ಲ.

ಕೆಲಸಕ್ಕಂತ ಎರಡು ವರ್ಷ ಅಮೆರಿಕದ ಮಿಸ್ಸೌರಿಯಲ್ಲಿದ್ದಾಗ ಹಿಮ ಎತ್ತಿಹಾಕಲು ಹೋಗಿ ನನ್ನ ಸೊಂಟವೂ ಹಿಡಿಯಿತು. ಅಲ್ಲಿನ ಡಾಕ್ಟರಮ್ಮನ ಹೆಸರಿನ ಮುಂದೆ ಎಂ.ಡಿ. ಇರಲಿಲ್ಲ, ಡಿ.ಓ. ಅಂತಿತ್ತು. ಮುಟ್ಟುವ ಮೊದಲು ಹತ್ತು ನಿಮಿಷ ಬರೀ ಪ್ರಶ್ನೆ. ಬಿದ್ದಿದ್ದೀರಾ? ಜ್ವರ ಇದೆಯಾ? ಮೂತ್ರ ಸಲೀಸಾಗಿ ಆಗುತ್ತಾ? ಕಾಲು ಜೋಮು ಹಿಡಿಯುತ್ತಾ? ಆಮೇಲೆ ಮಲಗಿಸಿ, ಮೊಣಕಾಲು ಮಡಚಿಸಿ, ತಮ್ಮ ಕೈಯನ್ನು ಕಾಲಿಂದ ತಳ್ಳಲು ಹೇಳಿದರು. ನಾನು ತಳ್ಳಿದೆ, ಅವರು ಬಿಡಲಿಲ್ಲ. ನಾಲ್ಕೈದು ಸೆಕೆಂಡ್. ಸಡಿಲ ಬಿಟ್ಟ ಕೂಡಲೇ ಕಾಲನ್ನು ಒಂಚೂರು ಮುಂದಕ್ಕೆ ಒಯ್ದರು, ಮತ್ತೆ ತಳ್ಳಿಸಿದರು. ಲಟಕ್ ಅಂತ ಒಂದು ಸದ್ದೂ ಇಲ್ಲ! ಎದ್ದು ನಿಂತಾಗ ಅರ್ಧ ನೋವು ಕಡಿಮೆ.

ಇದು ಆಸ್ಟಿಯೋಪತಿ, ಸ್ನಾಯು, ಕೀಲುಗಳನ್ನು ಕೈಯಿಂದಲೇ ಸಡಿಲಿಸುವ ವಿದ್ಯೆ. ಡಿ.ಓ.ದಲ್ಲಿರುವ 'ಓ' ಇದೇ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ಡಾಕ್ಟರ್ ಇದರ ಮೊದಲ ಶಾಲೆಯನ್ನು 1892ರಲ್ಲಿ ತೆರೆದದ್ದು ಅದೇ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ. ಈಗ ಅಮೆರಿಕದಲ್ಲಿ ಡಿ.ಓ. ಅಂದರೆ ಪೂರ್ತಿ ಡಾಕ್ಟರ್. ಮಾತ್ರೆ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ತಮಾಷೆ ಅಂದರೆ ಎಷ್ಟೋ ಜನ ಈ ಕೈವಿದ್ಯೆಯನ್ನು ಬಳಸುವುದೇ ಕಡಿಮೆ. ಬ್ರಿಟನ್‌ನಲ್ಲಿ ಬೇರೆ ಲೆಕ್ಕ: 1993ರ ಕಾನೂನಿನ ಪ್ರಕಾರ ನೋಂದಣಿ ಕಡ್ಡಾಯ, ಆದರೆ ಆಸ್ಟಿಯೋಪತಿ ಕಲಿತ ಮಾತ್ರಕ್ಕೆ ಡಾಕ್ಟರ್ ಆಗುವುದಿಲ್ಲ.

ಕ್ಲಿನಿಕ್ಕಲ್ಲಿ ಸೊಂಟನೋವಿಗೆ ಸರಿ, ಆಸ್ಪತ್ರೆ ವಾರ್ಡಲ್ಲಿ? ಅದನ್ನೂ ನೋಡಿದ್ದಾರೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನ್ಯುಮೋನಿಯಾ ಆಗಿದ್ದ, 50 ದಾಟಿದ 406 ಜನರಿದ್ದರು. ಕೆಲವರಿಗೆ ಔಷಧಿ ಜೊತೆ ಪಕ್ಕೆಲುಬು, ಎದೆಗೂಡಿನ ಮೇಲೆ ಈ ಚಿಕಿತ್ಸೆ, ಕೆಲವರಿಗೆ ಸುಮ್ನೆ ಕೈ ಇಟ್ಟಿದ್ದು, ಉಳಿದವರಿಗೆ ಔಷಧಿ ಮಾತ್ರ. ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆಯನ್ನು ಪೂರ್ತಿ ತೆಗೆದುಕೊಂಡವರನ್ನಷ್ಟೇ ನೋಡಿದರೆ, ಔಷಧಿ ಮಾತ್ರ ಪಡೆದವರಿಗಿಂತ ಸ್ವಲ್ಪ ಬೇಗ ಮನೆಗೆ ಹೋಗಿದ್ದರು. ನನಗಂತೂ ಇಷ್ಟಕ್ಕೇ ಕುಣಿಯಬೇಕು ಅನ್ನಿಸುವುದಿಲ್ಲ.

ಇದೆಲ್ಲ ನೆನಪಾದದ್ದು ಹೋದ ಮಳೆಗಾಲದಲ್ಲಿ. ಅಪ್ಪಯ್ಯನಿಗೆ 71. ಸೊಂಟನೋವು ಅಂತ ಅಜ್ಜನ ಹತ್ತಿರ ಹೋಗಿ ಒದೆಸಿಕೊಂಡು ಬಂದರು. ಪುಣ್ಯಕ್ಕೆ ಅಜ್ಜನ ಒದೆ ಮೆಲ್ಲಗೆ. ಆದರೂ ರಾತ್ರಿಯಿಡೀ ನಿದ್ದೆ ಇಲ್ಲ, ಮಗ್ಗುಲು ಬದಲಿಸಲೂ ಆಗಲಿಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರ ಮೊದಲ ಪ್ರಶ್ನೆಯೇ, "ಬಿದ್ದಿದ್ರಾ?" ಅಪ್ಪಯ್ಯ ಅಮ್ಮನ ಮುಖ ನೋಡಿ ತಲೆ ತಗ್ಗಿಸಿದರು. ತೋಟದ ಸಂಕದ ಮೇಲೆ ಪಾಚಿಯಲ್ಲಿ ಜಾರಿ ಬಿದ್ದಿದ್ದರು, ಹೇಳಿದರೆ ಅಮ್ಮ ತೋಟಕ್ಕೆ ಬಿಡುವುದಿಲ್ಲ ಅಂತ ಮುಚ್ಚಿಟ್ಟಿದ್ದರು. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು. ಮೂಳೆ ಸವೆದವರಿಗೆ ಅಷ್ಟು ಬಿದ್ದರೂ ಸಾಕಂತೆ. ಇಂಥವರ ಬೆನ್ನಿಗೆ ಜೋರಾಗಿ ಲಟಕ್ ಅನ್ನಿಸಲು ಆಸ್ಟಿಯೋಪತಿ ಕಲಿತವರೂ ಹೋಗಬಾರದು.

ಅಜ್ಜ ನೋಡಲು ಬಂದರು. ಮಂಚದ ತುದಿಯಲ್ಲಿ ಕೂತು, ಕವಳ ಒಂದು ದವಡೆಗೆ ಸರಿಸಿ, "ಬಿದ್ದಿದ್ದು ಯಾಕೆ ಹೇಳ್ಲಿಲ್ಲ ಮಾರಾಯಾ?" ಅಂದರು.

"ನೀವು ಕೇಳ್ಲಿಲ್ಲ," ಅಂದರು ಅಪ್ಪಯ್ಯ.