ಹಟ ಮಾಡುವ ಮಗು, ಹತ್ತನೇ ನಿಮಿಷಕ್ಕೆ ಸಿಗುವ ಮೊಬೈಲ್

ಊಟಕ್ಕೆ ಕೂತ ಮೂರು ವರ್ಷದ ಮಗು ಮೊಬೈಲ್ ಬೇಕೆಂದು ಅಳುತ್ತದೆ. ಅಮ್ಮ 'ಇಲ್ಲ' ಅನ್ನುತ್ತಾಳೆ. ಹತ್ತು ನಿಮಿಷ ರಂಪ ಆದಮೇಲೆ ಅಪ್ಪನೋ ಅಜ್ಜಿಯೋ 'ಪಾಪ, ಕೊಟ್ಟುಬಿಡು' ಅಂತಾರೆ. ಮಗು ಕಲಿತದ್ದು ಇಷ್ಟೇ: ಹತ್ತು ನಿಮಿಷ ಅತ್ತರೆ ಸಿಗುತ್ತದೆ. ಆಗೊಮ್ಮೆ ಈಗೊಮ್ಮೆ ಫಲ ಕೊಡುವ ಹಟವನ್ನು ಬಿಡಿಸುವುದೇ ಎಲ್ಲಕ್ಕಿಂತ ಕಷ್ಟ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ 1960ರ ದಶಕದಲ್ಲಿ ಪೋಷಕರಲ್ಲಿ ಮೂರು ಬಗೆ ಗುರುತಿಸಿದರು: ಬರೀ ಅಪ್ಪಣೆ ಮಾಡುವವರು, ಕೇಳಿದ್ದಕ್ಕೆಲ್ಲ ಹೂಂ ಅನ್ನುವವರು, ಪ್ರೀತಿಯ ಜೊತೆ ನಿಯಮವನ್ನೂ ಇಡುವವರು. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಎರಡೂ ಒಂದೇ ಸೂರಿನಡಿ ಇರುತ್ತವೆ. ತೊಡಕು ಅಲ್ಲೇ. ಹೊಡೆದರೆ ಅಳು ನಿಲ್ಲಬಹುದು, ಆದರೆ ಸಿಟ್ಟು ಬಂದಾಗ ಕೈ ಎತ್ತಬಹುದು ಎಂಬುದನ್ನೂ ಮಗು ಕಲಿಯುತ್ತದೆ.

ಮೊದಲು ಮನೆಯ ದೊಡ್ಡವರೆಲ್ಲ ಒಂದು ಮಾತಿಗೆ ಬನ್ನಿ. ಊಟದ ಹೊತ್ತಿಗೆ ನಿಮ್ಮ ಮೊಬೈಲೂ ಬೇರೆ ಕೋಣೆಯಲ್ಲಿರಲಿ. ಐದು ನಿಮಿಷ ಮುಂಚೆಯೇ ಹೇಳಿ: 'ಈ ಹಾಡು ಮುಗಿದಮೇಲೆ ಎತ್ತಿಡೋಣ.' ಅತ್ತರೆ ಪಕ್ಕದಲ್ಲೇ ಕೂತು, ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ, 'ಕೋಪ ಬಂದಿದೆ, ಗೊತ್ತು. ಊಟದಲ್ಲಿ ಮೊಬೈಲ್ ಇಲ್ಲ' ಎಂದು ಒಮ್ಮೆ ಹೇಳಿ ಸುಮ್ಮನಾಗಿ. ಅಳುವಾಗ ಉದ್ದ ಉಪದೇಶ ತಲೆಗೆ ಹೋಗದು. ಮೊದಲ ಕೆಲವು ದಿನ ರಂಪ ಇನ್ನೂ ಹೆಚ್ಚಬಹುದು: ಹಳೆಯ ಉಪಾಯ ಫಲಿಸದಿದ್ದಾಗ ಮಗು ಅದನ್ನೇ ಜೋರಾಗಿ ಮಾಡಿ ನೋಡುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ, ಮಗು ಕೆಟ್ಟಿತು ಎಂದು ಹೆದರಿ. ಆರೋಗ್ಯವಾಗಿರುವ ಮಗು ಒಂದು ಹೊತ್ತು ನಾಲ್ಕು ತುತ್ತು ಕಡಿಮೆ ತಿಂದರೆ ತೊಂದರೆಯಿಲ್ಲ. ತಟ್ಟೆ ಹಿಡಿದು ಹಿಂದೆ ಓಡಬೇಡಿ.