ಗೋಡೆಗೆ ತೂಗುಹಾಕಿದ ಗಿಡ್ಡ ಗುದ್ದಲಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ದಕ್ಷಿಣಕ್ಕೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹೋದರೆ ಸಲೀನಾಸ್. ಮೂರು ದಿನದ ರಜೆಯಲ್ಲಿ ಎರಡು ದಿನ ಮಾಂಟೆರೆಯ ಸಮುದ್ರದ ಹತ್ತಿರ ಕಳೆದೆವು. ಕುಂದಾಪುರದ ಕಡಲು ನೋಡಿ ಬೆಳೆದ ನನಗೆ ಆ ತಣ್ಣನೆಯ ನೀರು ಅಷ್ಟಾಗಿ ಹಿಡಿಸಲಿಲ್ಲ. ಸಲೀನಾಸ್‌ನಲ್ಲಿ ಕಳೆದ ಮೂರನೇ ದಿನ ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಅವತ್ತು ಬೆಳಿಗ್ಗೆ ಒಂದು ಸಣ್ಣ ಮ್ಯೂಸಿಯಂಗೆ ಹೋದರೆ ಬಾಗಿಲಿಗೆ ಬೀಗ. ವೆಬ್‌ಸೈಟ್‌ನಲ್ಲಿ ತೆರೆದಿದೆ ಅಂತಲೇ ಇತ್ತು. ಅರ್ಧ ದಿನ ಹಾಳಾಯಿತು, ಆ ಬೇಜಾರು ಇನ್ನೂ ಹೋಗಿಲ್ಲ. ಸಣ್ಣ ಊರುಗಳಿಗೆ ಹೋಗುವವರು ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಹಸಿವಾಗಿತ್ತು. ಆರು ಮೇಜುಗಳ ಒಂದು ಚಿಕ್ಕ ಹೋಟೆಲಿಗೆ ನುಗ್ಗಿದೆವು. ಅಲ್ಲಿ ಕೊರುಂದಾಸ್ ತಿಂದೆ. ಮೆಕ್ಸಿಕೋದ ಮಿಚೊಅಕಾನ್ ಕಡೆಯ ತಿಂಡಿ ಅದು. ಮೆಕ್ಕೆಜೋಳದ ಹಿಟ್ಟನ್ನು ಅದೇ ಗಿಡದ ಹಸಿರು ಎಲೆಯಲ್ಲಿ ಮೂಲೆ ಮೂಲೆಯಾಗಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಎಲೆ ಬಿಚ್ಚಿದಾಗ ಬಂದ ಘಮಕ್ಕೆ ನಮ್ಮ ಕೊಟ್ಟೆ ಕಡುಬು ನೆನಪಾಯಿತು. (ಸಸ್ಯಾಹಾರಿಗಳು ಕೇಳಿ ತಿನ್ನಿ, ಹಿಟ್ಟಿಗೆ ಹಂದಿ ಕೊಬ್ಬು ಸೇರಿಸುವುದುಂಟು.)

ಗಲ್ಲಾದ ಹಿಂದಿನ ಗೋಡೆಯಲ್ಲಿ, ನಾವಾದರೆ ದೇವರ ಫೋಟೋ ಇಡುವ ಜಾಗದಲ್ಲಿ, ಒಂದು ಗುದ್ದಲಿ ತೂಗುತ್ತಿತ್ತು. ಹಿಡಿ ಮೊಣಕೈ ಉದ್ದವೂ ಇರಲಿಲ್ಲ. ಮಕ್ಕಳ ಆಟಕ್ಕೆ ಮಾಡಿದ್ದಾ ಅಂತ ಕೇಳಿದೆ. ಯಜಮಾನತಿಗೆ ಅರವತ್ತರ ಹತ್ತಿರ ವಯಸ್ಸು. ಅದನ್ನು ಇಳಿಸಿ ನನ್ನ ಕೈಗೇ ಕೊಟ್ಟರು.

"ಎಲ್ ಕೊರ್ತಿತೊ. ಗಿಡ್ಡದ್ದು ಅಂತ ಅರ್ಥ. ನನ್ನ ಅಜ್ಜನದು. ಬಗ್ಗಿ ನೋಡು, ಮಿಹೋ."

ಮಿಹೋ ಅಂದರೆ ಮಗನೇ. ಬಗ್ಗಿದೆ. ಎರಡು ನಿಮಿಷಕ್ಕೇ ಸೊಂಟ ಹಿಡಿಯಿತು. ಲೆಟಿಸ್ ಸೊಪ್ಪಿನ ಸಾಲುಗಳಲ್ಲಿ ಅವರ ಅಜ್ಜ ಇಡೀ ದಿನ ಹೀಗೇ ಇರುತ್ತಿದ್ದರಂತೆ. ಗಿಡ್ಡ ಹಿಡಿಯಾದರೆ ಕೆಲಸ ಅಚ್ಚುಕಟ್ಟು ಅನ್ನುವುದು ಜಮೀನುದಾರರ ಮಾತು. ಆದರೆ ಯಾರಾದರೂ ಬೆನ್ನು ನೆಟ್ಟಗೆ ಮಾಡಿದರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನಿಷೇಧಿಸಿದರು.

ಅಜ್ಜ ಬಂದದ್ದು 'ಬ್ರಾಸೆರೊ' ಆಗಿ. ಬ್ರಾಸೊ ಅಂದರೆ ತೋಳು. ಯುದ್ಧಕಾಲದಲ್ಲಿ, 1942ರಲ್ಲಿ, ಅಮೆರಿಕ ಮೆಕ್ಸಿಕೋ ಜೊತೆ ಒಪ್ಪಂದ ಮಾಡಿಕೊಂಡು ಹೊಲಗಳಿಗೆ ಕೂಲಿಗಳನ್ನು ಕರೆಸಿತು. 1964ರವರೆಗೆ ಸುಮಾರು 46 ಲಕ್ಷ ಕರಾರುಗಳಾದವು. ಗಡಿಯಲ್ಲಿ ಬಟ್ಟೆ ಬಿಚ್ಚಿಸಿ, ಮೈಮೇಲೆ ಡಿಡಿಟಿ ಪುಡಿ ಎರಚಿ ಒಳಗೆ ಬಿಡುತ್ತಿದ್ದರು. ಇಲ್ಲೇ ಪಕ್ಕದ ಚುವಲಾರ್‌ನಲ್ಲಿ 1963ರ ಸೆಪ್ಟೆಂಬರ್ 17ರಂದು ಕೆಲಸ ಮುಗಿಸಿ ಬರುತ್ತಿದ್ದ ಬ್ರಾಸೆರೊಗಳ ಗಾಡಿಗೆ ರೈಲು ಬಡಿಯಿತು. 32 ಜನ ಸತ್ತರು. ಅಜ್ಜನ ಗೆಳೆಯನೊಬ್ಬನೂ ಅದರಲ್ಲಿದ್ದ ಅಂತ ಹೇಳಿ ಆಕೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

"ಅಜ್ಜನ ಬೆನ್ನು ಮುರಿದ ಸಾಮಾನನ್ನು ಯಾಕೆ ಇಟ್ಟುಕೊಂಡಿದ್ದೀರಿ?" ಅಂದೆ.

"ಈ ಊರಿನವರು ಸೊಪ್ಪು ತಿಂದದ್ದು ಇದರಿಂದ. ನನ್ನ ಅಮ್ಮ ಶಾಲೆಗೆ ಹೋದದ್ದು ಇದರಿಂದ. ನಾನ್ಯಾಕೆ ಬಚ್ಚಿಡಲಿ?" ಆಮೇಲೆ ಕೇಳಿದರು, "ನಿನ್ನ ಅಜ್ಜ ಏನು ಮಾಡುತ್ತಿದ್ದರು?"

ಮುಂಬೈಯಲ್ಲಿ ಹೋಟೆಲ್ ಇತ್ತು ಅನ್ನುವುದು ನಮ್ಮ ಮನೆಯ ಉತ್ತರ. ಮದುವೆ ಮಾತುಕತೆಯಲ್ಲಿ, ನೆಂಟರೆದುರು, ಎಲ್ಲ ಕಡೆ ಅದನ್ನೇ ಹೇಳುತ್ತೇವೆ. ಹೋಟೆಲ್ ಆದದ್ದು ಬಹಳ ವರ್ಷಗಳ ಮೇಲೆ. ಗುದ್ದಲಿ ಇನ್ನೂ ನನ್ನ ಕೈಯಲ್ಲೇ ಇತ್ತು.

"ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಮುಂಬೈಗೆ ಹೋದರು. ಬೇರೆಯವರ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದರು," ಅಂದೆ. ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೂ ಇದು ಹೊಸದು.

ಆಕೆ ಅಡುಗೆಮನೆಯತ್ತ ತಿರುಗಿ ಮೊಮ್ಮಗನನ್ನು ಕೂಗಿದರು. ತಟ್ಟೆ ತೊಳೆಯುತ್ತಿದ್ದ ಹುಡುಗ ಒದ್ದೆ ಕೈಯಲ್ಲೇ ಹೊರಗೆ ಬಂದ. ಆಕೆ ನನ್ನನ್ನು ತೋರಿಸುತ್ತಾ ಸ್ಪ್ಯಾನಿಷ್‌ನಲ್ಲಿ ಏನೇನೋ ಹೇಳಿದರು. ನನಗೆ ಗೊತ್ತಾದದ್ದು ಎರಡೇ ಮಾತು: 'ಬೊಂಬಾಯ್', 'ಅಬುವೆಲೊ', ಅಂದರೆ ಅಜ್ಜ. ಹುಡುಗ ಕೈ ಒರೆಸಿಕೊಂಡು ನನ್ನ ಕೈ ಕುಲುಕಿದ.