ಹಾಸ್ಟೆಲಿನ ಬೀಗದಕೈ

ಇವತ್ತು ಕಪಾಟು ಒರೆಸುವಾಗ ಹಾಸ್ಟೆಲ್ ರೂಮಿನ ಬೀಗದಕೈ ಸಿಕ್ಕಿತು. ಆ ಬೀಗ ಈಗ ಇಲ್ಲ.

2020ರ ಮಾರ್ಚ್. ರೂಮು ಖಾಲಿ ಮಾಡಿ ಅಂದರು. ಎರಡು ವಾರದ ಮಾತು ಅಂದುಕೊಂಡು ಮಂಗಳೂರಿನಿಂದ ಒಂದೇ ಬ್ಯಾಗ್ ಹಿಡಿದು ಕೇರಳದ ಮಂಜೇಶ್ವರಕ್ಕೆ, ಮನೆಗೆ ಬಂದೆ. ಆಮೇಲೆ ತಲಪಾಡಿಯಲ್ಲಿ ಎರಡು ರಾಜ್ಯಗಳ ಗಡಿಯೇ ಮುಚ್ಚಿತು. ಮಂಗಳೂರು ಇಲ್ಲೇ ಪಕ್ಕ, ಆದರೆ ಹೋಗುವ ಹಾಗಿಲ್ಲ.

ಒಂದು ದಿನ ವಾರ್ಡನ್ ಫೋನ್ ಮಾಡಿದರು. "ಕ್ವಾರಂಟೈನ್‌ಗೆ ರೂಮು ಬೇಕಂತೆ ಮಗಳೇ. ಬೀಗ ಒಡೀಬೇಕಾಗ್ತದೆ. ನಿನ್ನ ಸಾಮಾನು ಕಟ್ಟಿಡ್ತೇವೆ." ಹೂಂ ಅಂದೆ.

ಕೊನೆಯ ವರ್ಷದವರ ಪರೀಕ್ಷೆ ಸೆಪ್ಟೆಂಬರ್ ಕೊನೆಯೊಳಗೆ ಆಗಬೇಕು ಅಂತ ಯುಜಿಸಿ ಜುಲೈಯಲ್ಲಿ ಹೇಳಿತು. ಹಾಗೆ ಹೋದಾಗ ನನ್ನ ಹೆಸರು ಬರೆದ ಗೋಣಿಚೀಲ ಸಿಕ್ಕಿತು. ನೋಟ್ಸ್, ಚಾದರ, ಎಲ್ಲ ಇತ್ತು. ಅಮ್ಮ ಕೊಟ್ಟ ಉಪ್ಪಿನಕಾಯಿಯ ಗಾಜಿನ ಭರಣಿಗೆ ಹಳೇ ಪೇಪರ್ ಮೂರು ಸುತ್ತು ಸುತ್ತಿ, ಸುತ್ತಲೂ ನನ್ನದೇ ಬಟ್ಟೆ ತುರುಕಿದ್ದರು. ಒಂದು ಬಿರುಕೂ ಇಲ್ಲ.

ಇನ್ನೊಬ್ಬರ ಬಟ್ಟೆ ಮುಟ್ಟಲೂ ಜನ ಹೆದರುತ್ತಿದ್ದ ದಿನಗಳು ಅವು, ಅಲ್ವಾ? ಯಾರು ಕೂತು ಸುತ್ತಿದರು? ಹಾಸ್ಟೆಲಿನ ಕೆಲಸದ ಅಕ್ಕಂದಿರೇ ಇರಬೇಕು. ಪರೀಕ್ಷೆಯ ಗಡಿಬಿಡಿಯಲ್ಲಿ ನಾನು ಕೇಳಲೇ ಇಲ್ಲ. ಈಗ ಅದೇ ಜಾಸ್ತಿ ಚುಚ್ಚುತ್ತದೆ.

ಭರಣಿ ಅಡುಗೆಮನೆಯಲ್ಲಿದೆ. ಈ ಸಲದ ಮಾವಿನ ಮಿಡಿ ಅದರಲ್ಲೇ ಹಾಕಿದ್ದು.